ಮೆಟ್ಟಿಲಿನ ಅಂಚಿಗೆ ಒಂದು ಹಳದಿ ಪಟ್ಟಿ

ದೊಡ್ಮನೆ ಭಾಗದ ಅಡಿಕೆ ಕೃಷಿಕರೊಬ್ಬರು ನಮಗೆ ಬಹಳ ಕಾಲದಿಂದ ಪರಿಚಿತರು. ಅವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಇರುಳಲ್ಲಿ ಕಾಣದಾಯಿತು, ಈಗ ಹಗಲಲ್ಲೂ ನೋಟ ಸುತ್ತಲಿನಿಂದ ಒಳಕ್ಕೆ ಕಿರಿದಾಗುತ್ತ ಬಂದಿದೆ. ಪೇಪರಿನ ಸಣ್ಣ ಅಕ್ಷರ ಓದುತ್ತಾರೆ, ಕಾಲ ಬುಡದ ಬಕೆಟ್ ಎಡವುತ್ತಾರೆ. ನಾಟಕ ಮಾಡುತ್ತಾರೇನೋ ಎಂದು ಊರಲ್ಲಿ ಕೆಲವರಿಗೆ ಗುಮಾನಿ. "ಯಂಗೆ ಕಾಣ್ತು ಮಾರಾಯ, ಎಲ್ಲಾ ಒಟ್ಟಿಗೆ ಕಾಣ್ತಿಲ್ಲೆ" ಎನ್ನುತ್ತಾರೆ ಅವರು.

ಇದು ವಂಶವಾಹಿಯ ದೋಷ. ಅಕ್ಷಿಪಟಲದಲ್ಲಿ ಮಂದ ಬೆಳಕು ಹಿಡಿಯುವ ಕೋಶಗಳು ಮೊದಲು ಸಾಯುತ್ತವೆ. ಕನ್ನಡಕ ಬದಲಿಸಿದರೆ ಸರಿಹೋಗುವಂಥದ್ದಲ್ಲ.

ತಮ್ಮ ಮನೆಯಲ್ಲಿ ಅವರು ಸಲೀಸಾಗಿ ಓಡಾಡುತ್ತಾರೆ. ಹೊಸ್ತಿಲು, ಜಗಲಿ, ದಣಪೆ, ತೋಟದ ಸಂಕ ಎಲ್ಲವೂ ಕಾಲಿಗೆ ಬಾಯಿಪಾಠ. ಅಷ್ಟೇ ಅಲ್ಲ, ಹಳೆಯ ಕೆಂಪು ಸಿಮೆಂಟಿನ ನೆಲಕ್ಕೆ ಸುತ್ತಲೂ ಕಪ್ಪು ಅಂಚು ಇದೆ. ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಆ ಅಂಚೇ ಹೇಳುತ್ತದೆ. ಚೆಂದಕ್ಕೆಂದು ಬಳಿದದ್ದು ಕಣ್ಣಿಗೂ ಆಯಿತು.

ಪೇಟೆಯ ಹೊಸ ಕಟ್ಟಡಗಳಲ್ಲಿ ನಡೆದಿರುವುದು ಇದಕ್ಕೆ ತದ್ವಿರುದ್ಧ. ಬ್ಯಾಂಕು, ಸೊಸೈಟಿ, ಕಚೇರಿ ಯಾವುದೇ ಇರಲಿ, ನೆಲಕ್ಕೂ ಮೆಟ್ಟಿಲಿಗೂ ಒಂದೇ ಬಣ್ಣದ ಹೊಳೆಯುವ ಗ್ರಾನೈಟ್. ಮೇಲಿನಿಂದ ನೋಡಿದರೆ ನಾಲ್ಕು ಮೆಟ್ಟಿಲು ಒಂದೇ ಹಾಸಿನಂತೆ ಕಾಣುತ್ತವೆ. ಹತ್ತುವುದಕ್ಕಿಂತ ಇಳಿಯುವುದಕ್ಕೇ ಅವರಿಗೆ ಹೆದರಿಕೆ. ಆಷಾಢದಲ್ಲಿ ಮೋಡ ಕವಿದು ಕರೆಂಟೂ ಹೋದರೆ ಮಧ್ಯಾಹ್ನವೇ ಅವರಿಗೆ ಸಂಜೆ. ವಸ್ತಿ ಬಸ್ಸಿಗೆ ಬರುವ ಮಾತನ್ನಂತೂ ಬಿಟ್ಟೇಬಿಟ್ಟಿದ್ದಾರೆ.

ನಮ್ಮಲ್ಲಿ ಅಂಗವಿಕಲಸ್ನೇಹಿ ಕಟ್ಟಡ ಎಂದರೆ ರ‍್ಯಾಂಪ್. ಪತ್ರಿಕೆಗೆ ಬರುವ ಫೋಟೋವೂ ಅದರದ್ದೇ. ಗಾಲಿಕುರ್ಚಿಯವರಿಗೆ ರ‍್ಯಾಂಪ್ ಬೇಕೇಬೇಕು, ಆ ಬಗ್ಗೆ ತಕರಾರಿಲ್ಲ. ಆದರೆ ಕುರುಡೂ ಅಲ್ಲದ, ಪೂರ್ತಿ ಕಾಣದ ನಡುವಿನ ಕಣ್ಣು ಕಟ್ಟುವವರ ಲೆಕ್ಕಕ್ಕೇ ಬಂದಿಲ್ಲ.

ಕಾನೂನಿನ ಲೆಕ್ಕಕ್ಕೆ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಕ್ಷರ ಓದುವ ಶಕ್ತಿಯನ್ನು ಮಾತ್ರ ಅಳೆಯುವುದಿಲ್ಲ, ನೋಟದ ಅಗಲವನ್ನೂ ಅಳೆಯುತ್ತದೆ. ಅದು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ. ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡುವು 2022ಕ್ಕೇ ಮುಗಿದಿದೆ. ಆ ನಿಯಮವೂ ಬರೀ ಸಲಹೆಯಂತಿದೆ, ಕಡ್ಡಾಯ ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಕೇಂದ್ರಕ್ಕೆ ಹೇಳಿತು. ಅರ್ಜಿ ಹಾಕಿದ್ದ ರಾಜೀವ್ ರತೂರಿ ಸ್ವತಃ ದೃಷ್ಟಿದೋಷವುಳ್ಳವರು. 2005ರಲ್ಲಿ ಹಾಕಿದ ಅರ್ಜಿ ಅದು!

ಒಂದು ಪಂಚಾಯಿತಿಯಲ್ಲಿ ಇಂಥವರು ಎಷ್ಟು ಜನ ಇದ್ದಾರು ಎಂದು ಕೇಳುವವರಿದ್ದಾರೆ. ಈ ಕಾಯಿಲೆ ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಬರುವುದು ನಿಜ. ಆದರೆ ಗ್ಲಾಕೋಮಾ ಕೂಡ ನೋಟವನ್ನು ಬದಿಯಿಂದಲೇ ತಿನ್ನುತ್ತದೆ. ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು ಕೆಡಿಸುತ್ತದೆ. ಪೊರೆ ಬಂದವರಂತೂ ಮನೆಗೊಬ್ಬರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರಲ್ಲಿದ್ದಾರೆ, ಮನೆಯಲ್ಲಿ ಉಳಿದವರು ವಯಸ್ಸಾದ ಇಬ್ಬರೇ. ಪಹಣಿಗೆ, ಪಿಂಚಣಿಗೆ, ಸೊಸೈಟಿಗೆ ಆ ಮೆಟ್ಟಿಲು ಹತ್ತಿಳಿಯಬೇಕಾದವರು ಅವರೇ.

ಇದಕ್ಕೆ ದೊಡ್ಡ ಅನುದಾನ ಬೇಡ. ಮೆಟ್ಟಿಲಿನ ಅಂಚು ಬೇರೆ ಬಣ್ಣದಲ್ಲಿ ಎದ್ದು ಕಾಣಬೇಕೆಂದು ಕೇಂದ್ರದ 2021ರ ಮಾರ್ಗಸೂಚಿಯೇ ಹೇಳುತ್ತದೆ. ಒಂದು ಡಬ್ಬಿ ಹಳದಿ ಬಣ್ಣ, ಒಂದು ಕುಂಚ, ಹಿಡಿದುಕೊಳ್ಳಲು ಒಂದು ಕಂಬಿ, ಬಾಗಿಲಲ್ಲಿ ಒಂದು ದೀಪ ಸಾಕು. ಗ್ರಾಮ ಪಂಚಾಯಿತಿಗಳು ಮೊದಲು ತಮ್ಮ ಕಟ್ಟಡದಲ್ಲೇ ಇದನ್ನು ಮಾಡಲಿ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಲಿ. ಮಳೆ ಹಿಡಿಯುವ ಮೊದಲೇ ಬಳಿದರೆ ಬಣ್ಣ ಸರಿಯಾಗಿ ಒಣಗುತ್ತದೆ.