ಸಾಸಿವೆ ಡಬ್ಬಿಯೊಳಗಿನ ಮಾತ್ರೆ

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆ ಹೋಗಿದ್ದೆ. ಆರತಕ್ಷತೆಯ ರಾತ್ರಿ ಊಟ ಮುಗಿಯುತ್ತಿದ್ದಂತೆ ಆತ ಜೇಬಿನಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು, ಒಂದನ್ನು ಬಿಡಿಸಿ, ಎಲ್ಲರ ಎದುರಿಗೇ ನುಂಗಿ ನೀರು ಕುಡಿದನು. ಪಕ್ಕದಲ್ಲಿದ್ದ ಬೀಗರು "ಶುಗರ್ರಾ?" ಎಂದು ಕೇಳಿದರು. "ಇಲ್ಲ, ಫಿಟ್ಸ್‌ಗೆ. ಮೂವತ್ತಾರು ವರ್ಷದಿಂದ ತಗೋತಾ ಇದೀನಿ" ಎಂದನು ಆತ. ಬೀಗರು ಒಂದು ಕ್ಷಣ ಸುಮ್ಮನಿದ್ದು, ತಾವು ಬಿ.ಪಿ. ಮಾತ್ರೆಯನ್ನು ಊರಿನಲ್ಲೇ ಮರೆತು ಬಂದಿರುವುದನ್ನು ಹೇಳಿಕೊಂಡರು. ಮಾತು ಅಲ್ಲಿಂದ ಪಾಯಸದ ಕಡೆಗೆ ಹೊರಳಿತು. ನನಗೆ ಮಾತ್ರ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಅದೇ ರೋಗ, ಅದೇ ಮಾತ್ರೆ, ನನ್ನದೇ ಮನೆಯಲ್ಲಿ ಬೇರೆ ರೀತಿಯಲ್ಲಿ ನಡೆದುಹೋಗಿತ್ತು. ಎರಡನ್ನೂ ಹೇಳಿದರೆ ಮಾತ್ರ ನನ್ನ ಅಭಿಪ್ರಾಯಕ್ಕೆ ಬೆಲೆ ಬಂದೀತು.

1989ರ ಮಾತು. ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಅಧ್ಯಾಪಕನಾಗಿದ್ದೆ. ಆಗ ನನಗೆ ಮೂವತ್ತು ತುಂಬಿರಲಿಲ್ಲ. ಶಿಸ್ತಿನಲ್ಲಿ ಬಹಳ ನಂಬಿಕೆ. ಒಂಬತ್ತನೆಯ ತರಗತಿಯ ಈ ಹುಡುಗನನ್ನು ಎದ್ದು ನಿಂತು ಪಾಠ ಓದಲು ಹೇಳಿದೆ. ಎರಡು ಸಾಲು ಓದಿದವನು ಥಟ್ಟನೆ ನಿಲ್ಲಿಸಿ ಗೋಡೆಯನ್ನು ನೋಡುತ್ತ ನಿಂತನು. ಬಾಯಿಯಲ್ಲಿ ಏನನ್ನೋ ಚಪ್ಪರಿಸುವಂತೆ ತುಟಿ ಆಡುತ್ತಿತ್ತು. ಎಡಗೈ ಬೆರಳುಗಳು ಅಂಗಿಯ ಗುಂಡಿಯನ್ನು ಹಿಡಿದು ತಿರುವುತ್ತಿದ್ದವು. ಕರೆದರೆ ಓಗೊಡಲಿಲ್ಲ. ಪೆಪ್ಪರಮಿಂಟು ತಿನ್ನುತ್ತ ನನ್ನನ್ನು ಅಣಕಿಸುತ್ತಿದ್ದಾನೆಂದು ಭಾವಿಸಿ ಹತ್ತಿರ ಹೋಗಿ ಕೆನ್ನೆಗೆ ಹೊಡೆದೆ. ಅವನು ಅಳಲಿಲ್ಲ, ಬೆಚ್ಚಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಪಿಳಿಪಿಳಿಸಿ, ಕೆನ್ನೆಯನ್ನು ಮುಟ್ಟಿಕೊಂಡು, ತಾನು ಎಲ್ಲಿದ್ದೇನೆಂದು ತಿಳಿಯದವನಂತೆ ಸುತ್ತಲೂ ನೋಡಿದನು. ತರಗತಿ ನಕ್ಕಿತು.

ಮಕ್ಕಳ ಗಮನಹೀನತೆಗೆ ಕಾರಣಗಳನ್ನು ಬಿ.ಎಡ್. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಹಸಿವು, ದೃಷ್ಟಿದೋಷ, ಮನೆಯ ಜಗಳ, ಬೇಸರ ತರಿಸುವ ಬೋಧನೆ ಎಲ್ಲವೂ ಆ ಉತ್ತರದಲ್ಲಿದ್ದವು. ಮೂರ್ಛೆರೋಗ ಇರಲಿಲ್ಲ. ಮೂರ್ಛೆ ಎಂದರೆ ನೆಲಕ್ಕೆ ಬಿದ್ದು, ಕೈಕಾಲು ಬಡಿದು, ಬಾಯಲ್ಲಿ ನೊರೆ ಬರುವುದು ಎಂದಷ್ಟೇ ನಮಗೆಲ್ಲ ಗೊತ್ತಿದ್ದದ್ದು. ಹಾಗೆ ಬಿದ್ದದ್ದೂ ಆಯಿತು, ಎರಡು ತಿಂಗಳ ನಂತರ, ಪ್ರಾರ್ಥನೆಯ ವೇಳೆಯಲ್ಲಿ. ಯಾರೋ ಕೈಗೆ ಬೀಗದ ಕೈ ಕೊಟ್ಟರು, ಇನ್ಯಾರೋ ಚಪ್ಪಲಿ ಮೂಸಿಸಿದರು. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಹೊತ್ತು ನೋಡಿಕೊಂಡು ಕುಳಿತಿರಬೇಕು, ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮರುವಾರ ಅವನ ತಂದೆ ತಾಯತ ಕಟ್ಟಿಸಿಕೊಂಡು ಬಂದರು.

ಪಾಪಪ್ರಜ್ಞೆಯೋ ಏನೋ, ತಂದೆ ಮಗನ ಜೊತೆ ನಾನೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆ. ಅಲ್ಲಿನ ವೈದ್ಯರು ತಂದೆಯನ್ನು ಕೇಳಿದ್ದು ಒಂದೇ ಬಗೆಯ ಪ್ರಶ್ನೆ: ಬೀಳುವ ಮೊದಲು ಏನಾಗುತ್ತದೆ? ಯಾವ ಕೈ ಮೊದಲು ಆಡುತ್ತದೆ? ಆ ಹೊತ್ತಿನಲ್ಲಿ ಕರೆದರೆ ತಿಳಿಯುತ್ತದೆಯೇ? ಹೊಲದಲ್ಲಿ ದುಡಿಯುವ ಆ ಮನುಷ್ಯ ಏನನ್ನೂ ಕಂಡಿರಲಿಲ್ಲ. ಕಂಡವನು ನಾನು, ಹೊಡೆದವನು. ತುಟಿ ಚಪ್ಪರಿಸಿದ್ದು, ಗುಂಡಿ ತಿರುವಿದ್ದು, ಒಂದೂವರೆ ನಿಮಿಷದಷ್ಟು ಕಾಲ, ಆಮೇಲೆ ಮಂಕು ಎಲ್ಲವನ್ನೂ ಹೇಳಿದೆ. ಏಟಿನ ವಿಷಯವನ್ನೂ ಹೇಳಿದೆ. ವೈದ್ಯರು ಬರೆದುಕೊಂಡರು. ತಲೆಗೆ ತಂತಿಗಳನ್ನು ಅಂಟಿಸಿ ಇ.ಇ.ಜಿ. ತೆಗೆದರು. ಮಿದುಳಿನ ಒಂದು ಭಾಗದಲ್ಲಿ ಮಾತ್ರ ಹುಟ್ಟಿ, ಕೆಲವೊಮ್ಮೆ ಅಲ್ಲೇ ಆರಿ, ಕೆಲವೊಮ್ಮೆ ಇಡೀ ಮಿದುಳಿಗೆ ಹಬ್ಬುವ ಸೆಳವು ಇದು ಎಂದು ವಿವರಿಸಿದರು. ಆಗ ಇದನ್ನು ಆಂಶಿಕ, ಅಂದರೆ ಪಾರ್ಷಿಯಲ್, ಎನ್ನುತ್ತಿದ್ದರು. 2017ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಫೋಕಲ್ ಎಂಬ ಹೆಸರು ನೆಲೆಗೊಂಡಿತು. ನಮ್ಮ ಹಿಂದಿನವರು ಇಟ್ಟ ಅಪಸ್ಮಾರ ಎಂಬ ಹೆಸರೇ ನನಗೆ ಹೆಚ್ಚು ಒಪ್ಪಿಗೆ. ಆ ಪದದೊಳಗೆ ಇರುವುದು ಬೀಳುವುದಲ್ಲ, ಸ್ಮೃತಿ ತಪ್ಪುವುದು. ನನ್ನ ತರಗತಿಯಲ್ಲಿ ನಡೆದದ್ದು ಅದೇ.

ಕಣ್ಣಾರೆ ಕಂಡವರ ಮಾತಿಗೆ ಇಷ್ಟು ಬೆಲೆ ಏಕೆಂದು ಆಮೇಲೆ ತಿಳಿಯಿತು. ಮಾತ್ರೆಯ ಆಯ್ಕೆ ಅದನ್ನು ಅವಲಂಬಿಸಿದೆ. ಆ ಹುಡುಗನಿಗೆ ಕೊಟ್ಟದ್ದು ಕಾರ್ಬಮಜೆಪಿನ್. ಆಂಶಿಕ ಸೆಳವಿಗೆ ಅದು ಬಹಳ ಒಳ್ಳೆಯ ಔಷಧ. ಆದರೆ ಕೆಲವು ಕ್ಷಣ ಮಾತ್ರ ಎಚ್ಚರ ತಪ್ಪುವ, ಮೊದಲಿನಿಂದಲೇ ಇಡೀ ಮಿದುಳಿನದಾದ ಇನ್ನೊಂದು ಬಗೆಯ ಸೆಳವು ಮಕ್ಕಳಲ್ಲಿದೆ, ಅದಕ್ಕೆ ಇದೇ ಮಾತ್ರೆ ಕೊಟ್ಟರೆ ರೋಗ ಹೆಚ್ಚಾಗಬಹುದು. ಹೊರಗಿನವರ ಕಣ್ಣಿಗೆ ಎರಡೂ ಮಗು ಮಂಕಾಗಿ ಕುಳಿತಂತೆಯೇ.

ವಿಜ್ಞಾನದ ಮೇಷ್ಟ್ರಾದ್ದರಿಂದ ಔಷಧ ಹೇಗೆ ಕೆಲಸ ಮಾಡುತ್ತದೆಂದು ಕೇಳದೆ ಇರಲಾಗಲಿಲ್ಲ. ನರಕೋಶದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳಬರುವ ಸೂಕ್ಷ್ಮ ದ್ವಾರಗಳಿವೆ. ಸಂದೇಶ ಹೊರಡುವಾಗ ಅವು ತೆರೆದು ಮುಚ್ಚುತ್ತವೆ. ಸೆಳವಿನಲ್ಲಿ ಒಂದು ಭಾಗದ ಕೋಶಗಳು ಬಿಡುವಿಲ್ಲದೆ ಸಿಡಿಯುತ್ತವೆ. ಒಮ್ಮೆ ಮುಚ್ಚಿದ ದ್ವಾರ ತಕ್ಷಣವೇ ಮತ್ತೆ ತೆರೆಯದಂತೆ ಈ ಮಾತ್ರೆ ಹಿಡಿದಿಡುತ್ತದೆ. ಸಾವಧಾನವಾಗಿ ಕೆಲಸ ಮಾಡುವ ಕೋಶಗಳಿಗೆ ಅಷ್ಟಾಗಿ ತೊಂದರೆಯಿಲ್ಲ. ನಮ್ಮ ಕಡೆಯ ಮಕ್ಕಳಿಗೆ ನಾನು ಕೆರೆಯ ತೂಬಿನ ಹೋಲಿಕೆ ಕೊಡುತ್ತಿದ್ದೆ. ತೂಬಿನವನು ದಿನವೂ ಬಂದರೆ ಗದ್ದೆ ಉಳಿಯುತ್ತದೆ. ಹೇಳದೆ ಕೇಳದೆ ಬಿಟ್ಟುಹೋದರೆ ಮೊದಲಿಗಿಂತ ಕೆಟ್ಟದಾಗಿ ನುಗ್ಗುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಒಂದರ ಮೇಲೊಂದು ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು.

ಸುಲಭವಾದ ಔಷಧವೆಂದು ನಾನು ಹೇಳುವುದಿಲ್ಲ. ಸ್ವಲ್ಪದಿಂದ ಆರಂಭಿಸಿ ಏರಿಸುತ್ತಾರೆ. ಕೆಲವು ವಾರಗಳಲ್ಲಿ ಯಕೃತ್ತು ಇದನ್ನು ಬೇಗ ಹೊರಹಾಕಲು ಕಲಿತುಬಿಡುತ್ತದೆ. ಆಗ ಮತ್ತೆ ಏರಿಸಬೇಕು. "ಸಾರ್, ಬೋರ್ಡಿನ ಮೇಲೆ ಒಂದು ಗೆರೆ ಎರಡಾಗಿ ಕಾಣ್ತದೆ" ಎಂದು ಹುಡುಗ ಹೇಳಿದ್ದು ನೆನಪಿದೆ. ತೂಕಡಿಕೆ, ತಲೆಸುತ್ತು ಇದ್ದವು. ಮೊದಲ ಕೆಲವು ವಾರಗಳಲ್ಲಿ ಮೈಮೇಲೆ ಗಂಧೆ, ಬಾಯಿಹುಣ್ಣು, ಜ್ವರ ಕಂಡರೆ ಒಂದು ದಿನವೂ ಕಾಯದೆ ವೈದ್ಯರ ಬಳಿಗೆ ಓಡಬೇಕು. ಅಪರೂಪವಾದರೂ ಮಾರಕವಾಗಬಲ್ಲ ಅಲರ್ಜಿ ಅದು. ಐದು ವರ್ಷ ಸೆಳವಿಲ್ಲದೆ ಕಳೆದ ಮೇಲೆ ವೈದ್ಯರೇ ಮೆಲ್ಲಗೆ ಇಳಿಸಿ ನೋಡಿದರು. ಅನೇಕರಿಗೆ ಹಾಗೆ ನಿಂತುಹೋಗುತ್ತದೆ. ಇವನಿಗೆ ಮತ್ತೆ ಬಂದಿತು. ಆದ್ದರಿಂದ ಇಂದಿಗೂ ಮಾತ್ರೆ.

ಇಲ್ಲೊಂದು ಮಾತು ಸೇರಿಸಲೇಬೇಕು, ಏಕೆಂದರೆ ಅದು ನಮ್ಮ ಹಳೆ ಮೈಸೂರು ಸೀಮೆಯದು. ಹಂಡೆಯಲ್ಲಿ ಕುದಿಸಿದ ನೀರನ್ನು ತಂಬಿಗೆಯಲ್ಲಿ ಎತ್ತಿ ಒಂದೇ ಸಮನೆ ತಲೆಗೆ ಸುರಿಯುವ ಎಣ್ಣೆನೀರಿನ ಸ್ನಾನದಲ್ಲಿಯೇ ಕೆಲವರಿಗೆ ಸೆಳವು ಬರುತ್ತದೆ. ಬಿಸಿನೀರಿನ ಅಪಸ್ಮಾರ ಎಂದೇ ಅದಕ್ಕೆ ಹೆಸರು. ನಿಮ್ಹಾನ್ಸ್‌ನ ವೈದ್ಯರು 1988ರಲ್ಲಿ ಇಂತಹ 279 ರೋಗಿಗಳ ವಿವರವನ್ನು ಪ್ರಕಟಿಸಿದ್ದಾರೆ. ಅವರಲ್ಲಿ ಹೆಚ್ಚಿನವರದು ಆಂಶಿಕವಾಗಿ ಆರಂಭವಾಗುವ ಸೆಳವೇ. ನೀರನ್ನು ಬೆಚ್ಚಗೆ ಮಾಡಿಕೊಂಡರೆ ಹಲವರಿಗೆ ಸಾಕು; ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆಯನ್ನು ಕೊಡುವ ಪದ್ಧತಿ ಇಲ್ಲಿಯದೇ ಅನುಭವ. ಬಚ್ಚಲಲ್ಲಿ ಗಾಳಿ ಸೋಕಿತೆಂದು ಮಂತ್ರವಾದಿಗೆ ಕೊಟ್ಟ ಹಣದಲ್ಲಿ ಎಷ್ಟು ವರ್ಷದ ಮಾತ್ರೆ ಬರುತ್ತಿತ್ತೋ!

ಇನ್ನು ನನ್ನ ಮನೆಯ ಕಥೆ. ಅಕ್ಕನ ಮಗಳಿಗೆ ಹದಿನಾರನೆಯ ವಯಸ್ಸಿನಿಂದ ಇದೇ ಬಗೆಯ ಸೆಳವು, ಇದೇ ಕಾರ್ಬಮಜೆಪಿನ್. ನಾಲ್ಕು ವರ್ಷ ಒಂದೂ ಬಂದಿರಲಿಲ್ಲ. 1996ರಲ್ಲಿ ಸಂಬಂಧ ಕೂಡಿಬಂದಾಗ ಅಕ್ಕ ನನ್ನನ್ನು ಕೇಳಿದಳು: "ಹೇಳಬೇಕೇನೋ?" ಶಾಲೆಯಲ್ಲಿ ಈ ರೋಗದ ಬಗ್ಗೆ ಭಾಷಣ ಮಾಡುತ್ತಿದ್ದ ನಾನು, "ಈಗ ಬರ್ತಾ ಇಲ್ಲವಲ್ಲ, ಹೇಳಿ ಯಾಕೆ ಕೆಡಿಸ್ಕೋತೀಯ" ಎಂದೆ. ಆ ಕಾಲದಲ್ಲಿ ಹಿಂದೂ ವಿವಾಹ ಕಾಯಿದೆಯಲ್ಲಿ ಮರುಕಳಿಸುವ ಅಪಸ್ಮಾರವು ಮದುವೆಯನ್ನೇ ರದ್ದುಪಡಿಸಲು ಒಂದು ಕಾರಣವಾಗಿತ್ತು. ಆ ಪದವನ್ನು ಕಾಯಿದೆಯಿಂದ ತೆಗೆದದ್ದು 1999ರಲ್ಲಿ. ಹೆದರಿಕೆಗೆ ಆಧಾರವಿತ್ತು, ನನ್ನ ಸಲಹೆಗೆ ಅದು ಸಮರ್ಥನೆಯಾಗುವುದಿಲ್ಲ.

ಹುಡುಗಿ ಮಾತ್ರೆಗಳನ್ನು ಸಾಸಿವೆ ಡಬ್ಬಿಯ ತಳದಲ್ಲಿ, ಸಾಸಿವೆಯ ಕೆಳಗೆ, ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಅತ್ತೆ ಅಡುಗೆಮನೆಯಲ್ಲಿದ್ದ ದಿನ ಬೆಳಗಿನದು ತಪ್ಪುತ್ತಿತ್ತು. ನೆಂಟರಿದ್ದ ದಿನ ಎರಡೂ ತಪ್ಪುತ್ತಿದ್ದವು. ಮುಗಿದರೆ ತರಿಸಿಕೊಳ್ಳಲು ತವರಿಗೆ ಪತ್ರ ಬರೆಯಬೇಕು. ಪತ್ರದಲ್ಲಿ ಮಾತ್ರೆ ಎಂದು ಬರೆಯುವಂತಿಲ್ಲ. ಆರನೆಯ ತಿಂಗಳು ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದಾಗ ಸೆಳವು ಬಂದಿತು. ಎಚ್ಚರ ತಪ್ಪಿದ ಕೈ ಉರಿಯ ಮೇಲೆ ಉಳಿಯಿತು. ಮೊಣಕೈವರೆಗೆ ಸುಟ್ಟಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ಅಳಿಯ ನನ್ನನ್ನು ಕೇಳಿದ್ದು ರೋಗವನ್ನು ಏಕೆ ಮುಚ್ಚಿಟ್ಟಿರಿ ಎಂದಲ್ಲ. "ಮಾವ, ಮಾತ್ರೆ ಯಾಕೆ ಮುಚ್ಚಿಟ್ಟಿರಿ? ನಾನೇ ತಂದುಕೊಡ್ತಿದ್ದೆನಲ್ಲ" ಎಂದರು. ಅವರ ತಂದೆತಾಯಿ ಹುಡುಗಿಯನ್ನು ತವರಿಗೆ ಕಳುಹಿಸಿದರು. ಎಂಟು ತಿಂಗಳ ಮೇಲೆ ಅಳಿಯ ಒಬ್ಬರೇ ಬಂದು ಕರೆದುಕೊಂಡು ಹೋದರು. ಹಾಗೆ ಬಾರದ ಅಳಿಯಂದಿರೇ ಹೆಚ್ಚು ಎಂಬುದು ನನಗೆ ತಿಳಿಯದ್ದಲ್ಲ.

ಆದ್ದರಿಂದ, ಎಲ್ಲರೂ ಎಲ್ಲೆಡೆ ಹೇಳಿಬಿಡಿ ಎಂದು ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಮದುವೆಯ ಪಂಕ್ತಿಯಲ್ಲಿ ಐವತ್ತು ವರ್ಷದ ಗಂಡಸು ಮಾತ್ರೆ ನುಂಗುವುದು ಬೇರೆ. ಇಪ್ಪತ್ತೆರಡರ ಸೊಸೆ ನುಂಗುವುದು ಬೇರೆ. ಆದರೂ ಗುಟ್ಟನ್ನು ಮಾನದ ಪ್ರಶ್ನೆ ಎಂದಷ್ಟೇ ತಿಳಿಯುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಟ್ಟು ಔಷಧದ ಪ್ರಶ್ನೆ. ದಿನಕ್ಕೆ ಎರಡು ಹೊತ್ತು, ವರ್ಷಗಟ್ಟಲೆ, ತಪ್ಪದೆ ನುಂಗಬೇಕಾದ ಮಾತ್ರೆಯನ್ನು ಒಂದೇ ಮನೆಯಲ್ಲಿ ಯಾರಿಗೂ ಕಾಣದಂತೆ ನುಂಗಲಾಗುವುದಿಲ್ಲ. ಹೆಣ್ಣುಮಕ್ಕಳಿಗಂತೂ ಬೇರೆ ವಿಷಯಗಳೂ ಇವೆ. ಕಾರ್ಬಮಜೆಪಿನ್ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಂದಿಸುತ್ತದೆ. ವಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು. ಬಸಿರಾಗುವ ಮೊದಲೇ ವೈದ್ಯರೊಡನೆ ಮಾತಾಡಬೇಕಾದವರು ಗಂಡನಿಗೇ ಹೇಳದಿದ್ದರೆ ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ಶೇಕಡ 70ರಷ್ಟು ಮಂದಿ ಸೆಳವಿಲ್ಲದೆ ಬದುಕಬಲ್ಲರು. ಚಿಕಿತ್ಸೆ ಎಂದರೆ ದುಬಾರಿಯದೇ ಆಗಬೇಕಿಲ್ಲ. ಫಿನೋಬಾರ್ಬಿಟಾಲ್ 1912ರಿಂದ, ಫೆನಿಟಾಯಿನ್ 1938ರಿಂದ ಬಳಕೆಯಲ್ಲಿವೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನರವೈದ್ಯ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಈ ಎರಡು ಹಳೆಯ ಔಷಧಗಳಿಂದಲೇ ಹಳ್ಳಿಗಳಲ್ಲಿ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಈಗ ಲೆವೆಟಿರಾಸಿಟಾಮ್, ಲ್ಯಾಮೊಟ್ರಿಜಿನ್, ಲ್ಯಾಕೊಸಮೈಡ್ ಮುಂತಾದ ಹೊಸವೂ ನಮ್ಮ ಅಂಗಡಿಗಳಲ್ಲಿವೆ. ಮಾತ್ರೆಗೆ ಕೊರತೆಯಿಲ್ಲ ಎನ್ನಬಹುದು. ದೊಡ್ಡ ಊರಿನ ಅಂಗಡಿಗಳ ಮಟ್ಟಿಗೆ ಅದು ನಿಜ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಈ ತಿಂಗಳು ಇದ್ದದ್ದು ಮುಂದಿನ ತಿಂಗಳೂ ಇರಬೇಕು. ಸೆಳವಿನ ಮಾತ್ರೆ ಒಂದು ತಿಂಗಳು ಬಾರದಿದ್ದರೆ ಹಿಂದಿನ ಹನ್ನೊಂದು ತಿಂಗಳ ಶ್ರಮ ನೀರುಪಾಲು.

ಶಾಲೆಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ಅಧ್ಯಾಪಕರ ತರಬೇತಿಯಲ್ಲಿ ಒಂದು ಗಂಟೆ ಇದಕ್ಕೆ ಮೀಸಲಿಡಲಿ. ಮಂಕಾದ ಮಗುವನ್ನು ಬಡಿಯುವ ಮೊದಲು ತುಟಿಯನ್ನೂ ಬೆರಳನ್ನೂ ಗಡಿಯಾರವನ್ನೂ ನೋಡಲು ಕಲಿಸಲಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಗು ಮಾತ್ರೆ ನುಂಗಿದರೆ ಅದನ್ನು ನೀರು ಕುಡಿಯುವಷ್ಟೇ ಸಹಜವಾಗಿ ಕಾಣಲಿ. ಪ್ರವಾಸಕ್ಕೆ ಅಂಥ ಮಗುವನ್ನು ಬಿಟ್ಟುಹೋಗುವ ಮುಖ್ಯೋಪಾಧ್ಯಾಯರನ್ನು ನಾನು ಕಂಡಿದ್ದೇನೆ. ಮರುವರ್ಷದಿಂದ ಆ ಮಕ್ಕಳ ತಾಯಂದಿರು ಮುಚ್ಚಿಡಲು ಕಲಿಯುತ್ತಾರೆ.

ಅಕ್ಕನ ಮಗಳ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ತಾನಾಗಿ ಅವಳ ಅಡುಗೆಮನೆಯ ಗೂಡಿಗೆ ಹೋಗುತ್ತದೆ. ಮಾತ್ರೆಯ ಪಟ್ಟಿ ಉಪ್ಪಿನ ಜಾಡಿಯ ಪಕ್ಕದಲ್ಲಿ ಇರುತ್ತದೆ. ಅವಳ ತೋಳಿನ ಕಲೆಯ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ.

ಮದುವೆಯ ಮರುದಿನ ಹೊರಡುವಾಗ ಹಳೆಯ ವಿದ್ಯಾರ್ಥಿಗೆ, ಎಂದಿನಂತೆ, ಆ ಏಟಿನ ವಿಷಯ ತೆಗೆದೆ. ಅವನು ನಕ್ಕುಬಿಟ್ಟನು. "ಬಿಡಿ ಸಾರ್. ನನಗೆ ಅದು ನೆನಪೇ ಇಲ್ಲ, ಯಾವತ್ತೂ ಇರಲಿಲ್ಲ. ಪ್ರತಿ ಸಲ ನೀವೇ ಹೇಳಿ ನೆನಪು ಮಾಡ್ತೀರಿ" ಎಂದು ತಾಂಬೂಲದ ಚೀಲವನ್ನು ಕೈಗೆ ಕೊಟ್ಟು ಬಸ್ಸು ಹತ್ತಿಸಿದನು.