ಮೀಟರ್ ಹೇಳಿದ್ದು ಸರಿ, ಎಣ್ಣೆ ದುಡ್ಡು ಯಾರು ಕೊಡ್ತಾರೆ?

ನಮ್ಮ ದೊಡ್ಡಮ್ಮ ತಿಪಟೂರಿನಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹಾಕುತ್ತಾರೆ. ಮನೆ ಹಿಂದೆ ಶೀಟಿನ ಶೆಡ್ಡು, ಎರಡು ಬಾಣಲೆ, ಜೊತೆಗೆ ಇಬ್ಬರು ಹೆಂಗಸರು. ಅಷ್ಟೇ ಅವರ ಫ್ಯಾಕ್ಟರಿ. ನಾನು ಎಲೆಕ್ಟ್ರಾನಿಕ್ಸ್ ಬಿಇ ಓದುತ್ತಿದ್ದೇನೆ. ಮಿನಿ ಪ್ರಾಜೆಕ್ಟಿಗೆಂದು ಕರಿದ ಎಣ್ಣೆ ಪರೀಕ್ಷಿಸುವ ಮೀಟರೊಂದನ್ನು ಎರಡು ದಿನದ ಮಟ್ಟಿಗೆ ಮೇಷ್ಟ್ರಿಂದ ಕೇಳಿ ತಂದಿದ್ದೆ.

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದು ಒಡೆದು ಪೋಲಾರ್ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ 25ರ ಗಡಿ ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಈ ಸಂಯುಕ್ತಗಳು ಏರಿದರೆ ಎಣ್ಣೆಯ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಕೂಡ ಏರುತ್ತದೆ. ಮೀಟರ್ ಅಳೆಯುವುದು ಅದನ್ನೇ. ಪಿಯುಸಿಯಲ್ಲಿ ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿದ ಕೆಪಾಸಿಟರ್ ಪಾಠ ದೊಡ್ಡಮ್ಮನ ಬಾಣಲೆಯಲ್ಲಿ ಸಿಗುತ್ತದೆ ಅಂತ ಯಾರಿಗೆ ಗೊತ್ತಿತ್ತು!

ನಿಪ್ಪಟ್ಟಿನ ಬಾಣಲೆಯ ಎಣ್ಣೆ ಕಪ್ಪಗಿತ್ತು. ದೊಡ್ಡಮ್ಮ ಅದನ್ನು ತೆಗೆಯಬೇಕು ಅಂದುಕೊಂಡಿದ್ದರು. ಅದ್ದಿದರೆ 19 ತೋರಿಸಿತು. ಕಪ್ಪಾಗಿದ್ದು ಹೆಚ್ಚಾಗಿ ಖಾರದ ಪುಡಿ ಮತ್ತು ಸೀದ ಹಿಟ್ಟಿನಿಂದ. ದಿನಾ ಸೋಸಿ ತಿಳಿಯಾಗಿಟ್ಟಿದ್ದ ಚಕ್ಕುಲಿ ಎಣ್ಣೆಗೆ ಅದ್ದಿದರೆ 27! ಹಿಟ್ಟಿನ ಚೂರನ್ನು ಸೋಸಬಹುದು, ಎಣ್ಣೆಯಲ್ಲೇ ಕರಗಿರುವುದನ್ನು ಬಟ್ಟೆ ಹಿಡಿಯುವುದಿಲ್ಲ. ಇಪ್ಪತ್ತು ವರ್ಷದ ಅನುಭವದ ಕಣ್ಣೂ ತಪ್ಪಬಹುದು ಅಂತ ತೋರಿಸಿಕೊಟ್ಟೆ ಎಂದು ಬೀಗಿದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೀಟರ್ ಹೇಳಿದ್ದು ಸರಿ ಕಣೋ. ಈ ಎಣ್ಣೆ ದುಡ್ಡು ಯಾರು ಕೊಡ್ತಾರೆ?’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೈದು ಲೀಟರಿನ ಡಬ್ಬಕ್ಕೆ ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ. ಹಳೆ ಎಣ್ಣೆ ಅಷ್ಟು ದಿನ ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿದೆ. ಅರ್ಧ ಬೆಲೆಗೆ ಬೋಂಡಾ ಗಾಡಿಯವರು ಒಯ್ಯುತ್ತಿದ್ದರಂತೆ. ಆ ಗಾಡಿಯ ಮುಂದೆ ಸಂಜೆ ನಿಲ್ಲುವವರು ನಮ್ಮಂಥ ಹುಡುಗರೇ.

ಸ್ಮಾರ್ಟ್ ತಂತ್ರಜ್ಞಾನ ಬಂದರೆ ಸಣ್ಣ ಘಟಕಗಳ ಆಹಾರ ಸುರಕ್ಷಿತವಾಗುತ್ತದೆ ಅಂತ ನಾವು ಸೆಮಿನಾರಿನಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಸೆನ್ಸರ್ ಸಂಖ್ಯೆ ಕೊಡುತ್ತದೆ, ನಷ್ಟ ತುಂಬಿಕೊಡುವುದಿಲ್ಲ. ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಳ್ಳುವ ‘ರುಕೋ’ ಯೋಜನೆಯೂ 2018ರಲ್ಲೇ ಬಂತು. ಆದರೆ ದಿನಕ್ಕೆ ಐವತ್ತು ಲೀಟರ್ ದಾಟುವವರು ಎಣ್ಣೆಯ ಲೆಕ್ಕ ಇಡಬೇಕು, ಐದಾರು ಲೀಟರ್ ಉಳಿಯುವ ನಮ್ಮ ಶೆಡ್ಡಿಗೆ ಇದುವರೆಗೆ ಯಾರೂ ಬಂದಿಲ್ಲ. 2020ರಿಂದ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಘಟಕಗಳಿಗೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ಇದೆ, ಬ್ಯಾಂಕ್ ಸಾಲದ ಜೊತೆಗೆ. ಹತ್ತಾರು ಸಾವಿರದ ಮೀಟರಿಗಾಗಿ ದೊಡ್ಡಮ್ಮ ಸಾಲ ಮಾಡಬೇಕೇ? ನನ್ನ ಪ್ರಕಾರ ಬೇಡ. ಊರಿನ ಹತ್ತು ಘಟಕಕ್ಕೆ ಒಂದು ಮೀಟರ್, ಅವರೆಲ್ಲರ ಹಳೆ ಎಣ್ಣೆಗೆ ಒಂದೇ ಡ್ರಮ್ಮು, ಅದು ತುಂಬಿದಾಗ ಕೊಳ್ಳುವವರಿಗೆ ಒಂದು ಮೆಸೇಜು. ಇಷ್ಟು ಮಾಡಿದರೆ ಬೋಂಡಾ ಗಾಡಿಯ ದಾರಿ ತಪ್ಪುತ್ತದೆ.

ನಾನು ಮಾಡಿದ್ದು ಅದಕ್ಕಿಂತ ಚಿಕ್ಕದು. ಉರಿ ಜೋರಾಗಿಟ್ಟಷ್ಟೂ ಎಣ್ಣೆ ಬೇಗ ಕೆಡುತ್ತದೆ. ಬಾಣಲೆಗೆ ಒಂದು ಥರ್ಮೋಕಪಲ್ ಇಳಿಬಿಟ್ಟು, 180 ಡಿಗ್ರಿ ದಾಟಿದರೆ ಕೂಗುವ ಬಜರ್ ಕೂಡಿಸಿದೆ. ಖರ್ಚು ಸಾವಿರ ರೂಪಾಯಿ ಒಳಗೆ. ದೊಡ್ಡಮ್ಮ ಅದಕ್ಕೆ ‘ಕೂಗುಮಾರಿ’ ಅಂತ ಹೆಸರಿಟ್ಟಿದ್ದಾರೆ. ಎಣ್ಣೆ ಒಂದು ದಿನ ಹೆಚ್ಚು ಬರುತ್ತಿದೆ, ಗ್ಯಾಸೂ ಉಳಿಯುತ್ತಿದೆ ಅನ್ನುತ್ತಾರೆ. ಚಕ್ಕುಲಿ ಎಣ್ಣೆಯನ್ನು ಮಾತ್ರ ಅವತ್ತು ಗಾಡಿಯವರಿಗೆ ಕೊಡಲಿಲ್ಲ. ಕ್ಯಾನಿನಲ್ಲಿ ಮೂಲೆಗಿದೆ.

ರಿವ್ಯೂನಲ್ಲಿ ‘ಕ್ಲೌಡ್ ಎಲ್ಲಿ, ಆ್ಯಪ್ ಎಲ್ಲಿ?’ ಅಂತ ಕೇಳಿದರು. ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದ ಗೆಳೆಯನಿಗೆ ನನಗಿಂತ ಎರಡು ಮಾರ್ಕ್ಸ್ ಜಾಸ್ತಿ, ಅವನ ಗ್ರಾಫುಗಳು ಬಣ್ಣಬಣ್ಣದವು. ಆ್ಯಪ್ ಮುಂದಿನ ಸೆಮಿಸ್ಟರಿಗೆ ಮಾಡುತ್ತೇನೆ. ಅದಕ್ಕೂ ಮೊದಲು ಬಜರ್ ಸದ್ದು ಜಾಸ್ತಿ ಮಾಡಬೇಕು. ಗ್ರೈಂಡರ್ ತಿರುಗುವಾಗ ಕೂಗುಮಾರಿ ಕೇಳಿಸುತ್ತಿಲ್ಲವಂತೆ.