ನಾವು ಕೊಟ್ಟದ್ದು ಯಂತ್ರವನ್ನೋ, ಶ್ರವಣವನ್ನೋ?

ನಿಮ್ಮ ಮನೆಯ ಹಿರಿಯರ ಕಪಾಟನ್ನು ಒಮ್ಮೆ ತೆರೆದು ನೋಡಿ. ಜಪಸರ, ಹಳೆಯ ಕನ್ನಡಕ, ಔಷಧದ ಚೀಟಿಗಳ ನಡುವೆ ಪುಟ್ಟ ಡಬ್ಬಿಯೊಂದರಲ್ಲಿ ಶ್ರವಣಯಂತ್ರ ಮಲಗಿದೆಯೇ? ಕುಟುಂಬಗಳ ಭೇಟಿಗೆ ಹೋದಾಗ ಇಂತಹ ಡಬ್ಬಿಗಳನ್ನು ಹಲವೆಡೆ ಕಂಡಿದ್ದೇನೆ. "ಅವರಿಗೆ ಅದು ಒಗ್ಗಲಿಲ್ಲ, ಫಾದರ್" ಎನ್ನುತ್ತಾರೆ ಮನೆಯವರು. ಹಿರಿಯರು ಮೆಲ್ಲನೆ ಹೇಳುವುದೇ ಬೇರೆ: "ಸೆಲ್ ಮುಗಿದಿದೆ. ಮಕ್ಕಳನ್ನು ಮತ್ತೆ ಮತ್ತೆ ಕೇಳಲು ಸಂಕೋಚ."

ಈ ಸಂಕೋಚಕ್ಕೆ ಹೊಣೆ ಯಾರು?

ಲೆಕ್ಕ ಹಾಕೋಣ. ಕಿವಿಯ ಹಿಂದೆ ಧರಿಸುವ ಯಂತ್ರದ ಗುಂಡಿಯಂತಹ ಸೆಲ್, ಗಾತ್ರ ಮತ್ತು ಬಳಕೆಗೆ ತಕ್ಕಂತೆ, ಒಂದೆರಡು ವಾರ ಬಾಳುತ್ತದೆ. ವಾರಕ್ಕೊಂದರಂತೆ ಎರಡು ಕಿವಿಗಳಿಗೆ ವರ್ಷಕ್ಕೆ 104 ಸೆಲ್‌ಗಳು. ಆರು ಸೆಲ್‌ಗಳ ಪ್ಯಾಕೆಟ್ಟಿಗೆ 250 ರೂಪಾಯಿ ಎಂದುಕೊಂಡರೂ ಖರ್ಚು 4,000 ರೂಪಾಯಿ ದಾಟುತ್ತದೆ. ಗಡುಸಾಗುವ ನಳಿಕೆಯನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಕರಾವಳಿ, ಮಲೆನಾಡಿನ ಮಳೆಗಾಲದ ತೇವಾಂಶ ಯಂತ್ರವನ್ನೇ ಕೆಡಿಸುತ್ತದೆ. ಗ್ಯಾರಂಟಿ ಅವಧಿ ಕಳೆದ ಮೇಲೆ ದುರಸ್ತಿಯ ಭಾರವೂ ನಮ್ಮದೇ.

ಖರ್ಚಿಗೆ ಅಂಜಿ ಹಿರಿಯರು ಯಂತ್ರವನ್ನು ಕಳಚಿಟ್ಟು "ಉಳಿಸುತ್ತಾರೆ", ಹಬ್ಬಕ್ಕೋ ಮದುವೆಗೋ ಮಾತ್ರ ಧರಿಸುತ್ತಾರೆ. ಆದರೆ ಈ ಜಿಂಕ್-ಏರ್ ಸೆಲ್‌ನ ಸ್ವಭಾವವೇ ಬೇರೆ. ಮೇಲಿನ ಅಂಟುಪಟ್ಟಿಯನ್ನು ಕಿತ್ತೊಡನೆ ಗಾಳಿ ಒಳಹೊಕ್ಕು ಅದು ಜೀವಂತವಾಗುತ್ತದೆ. ಬಳಸದಿದ್ದರೂ ದಿನೇ ದಿನೇ ಸವೆಯುತ್ತದೆ. ಸೆಲ್ಲೂ ಹೆಚ್ಚು ಕಾಲ ಉಳಿಯಲಿಲ್ಲ, ಮೊಮ್ಮಕ್ಕಳ ಮಾತೂ ಕೇಳಿಸಲಿಲ್ಲ.

ಬಡವರಿಗೆ ಸಾಧನಗಳನ್ನು ಒದಗಿಸುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದಲೂ ಇದೆ. ಸಂಘಸಂಸ್ಥೆಗಳೂ ಶಿಬಿರ ನಡೆಸಿ ಯಂತ್ರ ಹಂಚುತ್ತವೆ, ಒಳ್ಳೆಯದೇ. ಆದರೆ ಆರನೆಯ ತಿಂಗಳಿಗೆ ಸೆಲ್ ಕೊಡುವವರಾರು ಎಂದು ಆ ವೇದಿಕೆಗಳಲ್ಲಿ ಕೇಳುವವರು ವಿರಳ. 80 ವರ್ಷದೊಳಗಿನ ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸುತ್ತದೆ, ನಿಜ. ಆದರೂ ಅನ್ನ, ಔಷಧದ ನಂತರ ಸೆಲ್ಲಿಗೆ ಉಳಿಯುವುದೆಷ್ಟು? ಪೋಷಣೆಯ ಏರ್ಪಾಡಿಲ್ಲದ ದಾನ ಅರ್ಧ ದಾನ.

ಬಡತನವಿಲ್ಲದ ಮನೆಗಳ ಮಾತೇನು? ಪ್ರತಿಯೊಬ್ಬರ ಮೊಬೈಲಿಗೂ ತಪ್ಪದೆ ರೀಚಾರ್ಜ್ ಮಾಡಿಸುವ ನಾವು ತಂದೆಯ ಸೆಲ್ಲನ್ನು ಮಾತ್ರ ದುಂದು ಎನ್ನುತ್ತೇವೆ. "ಈ ವಯಸ್ಸಿನಲ್ಲಿ ಕೇಳಿಸಿ ಆಗಬೇಕಾದ್ದೇನು?" ಎನ್ನುವವರೂ ಉಂಟು. ಕಿವಿ ಮುಚ್ಚಿದವರು ಮೊದಲು ಮಾತಿನಿಂದ, ಬಳಿಕ ಊಟದ ಪಂಕ್ತಿಯಿಂದ, ಕೊನೆಗೆ ಮನೆಯಿಂದಲೇ ದೂರವಾಗುತ್ತಾರೆ. ಅದನ್ನು ವೃದ್ಧಾಪ್ಯವೆಂದು ಕರೆದು ನಾವು ಕೈತೊಳೆದುಕೊಳ್ಳುತ್ತೇವೆ.

ಯಂತ್ರ ಕೊಡಿಸುವ ದಿನವೇ ವರ್ಷದ ಸೆಲ್ಲಿಗೂ ಹಣ ತೆಗೆದಿಡಿ. ಧರ್ಮಕೇಂದ್ರದ ಸೇವಾಸಂಘಗಳು ಹೊಸ ಯಂತ್ರಗಳ ಜೊತೆಗೆ ಹಳೆಯವುಗಳ ದುರಸ್ತಿಗೂ ನಿಧಿಯೊಂದನ್ನು ಮೀಸಲಿಡಲಿ. ತಿಂಗಳ ದಿನಸಿ ಚೀಟಿಯಲ್ಲಿ ಅಕ್ಕಿ, ಬೇಳೆಯ ಕೆಳಗೆ "ಅಪ್ಪನ ಸೆಲ್" ಎಂದು ಬರೆಯಿರಿ. ಅವರು ಬಾಯಿಬಿಟ್ಟು ಕೇಳುವ ಮುನ್ನವೇ ಬರೆಯಿರಿ.